ಯಜಮಾನ ಹೋದ ಮೇಲೆ ಸಹಿ ಯಾರದು?



ನಮ್ಮ ಬೇ ಏರಿಯಾದಲ್ಲಿ ಕನ್ನಡದವರೊಬ್ಬರು ಹಠಾತ್ತನೆ ತೀರಿಕೊಂಡರೆ ನಾವೆಲ್ಲ ಏನು ಮಾಡುತ್ತೇವೆ ಅಂತ ನಿಮಗೆ ಗೊತ್ತೇ ಇದೆ. ಒಂದು ಗಂಟೆಯೊಳಗೆ ನಾಲ್ಕು ಜನ ಆ ಮನೆಯ ಬಾಗಿಲಲ್ಲಿರುತ್ತಾರೆ. ಯಾವ ದಿನ ಯಾರ ಮನೆಯಿಂದ ಅನ್ನ-ಸಾರು ಅಂತ ಪಟ್ಟಿಯಾಗುತ್ತದೆ. ಊರಿನಿಂದ ಬರುವ ಅಣ್ಣನನ್ನೋ ಅತ್ತೆಯನ್ನೋ ಏರ್‌ಪೋರ್ಟಿನಿಂದ ಕರೆತರಲು ಕಾರು ಸಿದ್ಧವಾಗುತ್ತದೆ. ಮೂರನೆಯ ದಿನಕ್ಕೆ ಚಂದಾ ಎತ್ತುವ ಮಾತು ಬರುತ್ತದೆ, ವಾರದೊಳಗೆ ಒಂದು ದೊಡ್ಡ ಮೊತ್ತ ಸೇರಿಯೂ ಬಿಡುತ್ತದೆ. ಈ ವಿಷಯದಲ್ಲಿ ನಮ್ಮವರನ್ನು ಮೆಚ್ಚಲೇಬೇಕು.

ಚಂದಾ ಎತ್ತಬೇಡಿ ಅಂತ ಹೇಳಲು ನಾನು ಹೊರಟಿಲ್ಲ. ಆದರೆ ಹೀಗೆ ಚಂದಾ ಎತ್ತಿದ ಮೂರು ಮನೆಗಳಲ್ಲಿ ನಾನು ಕೂತು ಲೆಕ್ಕದ ಕಾಗದ ನೋಡಿದ್ದೇನೆ. ಮೂರರಲ್ಲೂ ದುಡ್ಡಿತ್ತು, ವ್ಯಾಪಾರದ ಅಕೌಂಟಿನಲ್ಲಿ. ಮನೆಯವರು ಅದನ್ನು ಮುಟ್ಟುವ ಹಾಗಿರಲಿಲ್ಲ, ಅಷ್ಟೆ. ನಾವು ಚಂದಾ ಎತ್ತಿದ್ದು ಬಡತನಕ್ಕಲ್ಲ, ಒಂದು ಬೀಗಕ್ಕೆ. ಆ ಬೀಗದ ಬಗ್ಗೆ ನಾವು ಬಾಯಿ ಬಿಟ್ಟು ಮಾತಾಡಬೇಕು ಅನ್ನುವುದು ನನ್ನ ಅಭಿಪ್ರಾಯ.

ನಾನು ವಕೀಲೆಯಲ್ಲ. ಸಣ್ಣ ವ್ಯಾಪಾರದವರ ಲೆಕ್ಕ ಬರೆದು, ವರ್ಷಕ್ಕೊಮ್ಮೆ ಟ್ಯಾಕ್ಸ್ ರಿಟರ್ನ್ ಹಾಕಿಕೊಡುವವಳು. ಇಲ್ಲಿ ಬರೆಯುವುದೆಲ್ಲ ಕ್ಯಾಲಿಫೋರ್ನಿಯಾದ ಮಾತು. ಬೇರೆ ರಾಜ್ಯದಲ್ಲಿರುವ ಓದುಗರು ತಮ್ಮ ಕಡೆಯ ಕಾನೂನನ್ನು ಒಮ್ಮೆ ವಿಚಾರಿಸಿಕೊಳ್ಳಿ.

ನಮ್ಮಲ್ಲಿ ಎಷ್ಟು ಜನ ಒಂಟಿ ಯಜಮಾನರಿದ್ದಾರೆ ಅಂತ ಒಮ್ಮೆ ಸುತ್ತ ನೋಡಿ. ಹಬ್ಬಕ್ಕೆ ಹೋಳಿಗೆ ಮಾಡಿಕೊಡುವವರು, ಮದುವೆ-ಮುಂಜಿಗೆ ಕೇಟರಿಂಗ್ ಮಾಡುವವರು, ಭರತನಾಟ್ಯ ಕಲಿಸುವವರು, ಮನೆಯಲ್ಲಿ ಡೇ ಕೇರ್ ನಡೆಸುವವರು, ಅಡಿಗೆಮನೆ-ಬಚ್ಚಲುಮನೆ ರಿಪೇರಿ ಕಂಟ್ರಾಕ್ಟು ಹಿಡಿಯುವವರು, ರಿಯಲ್ ಎಸ್ಟೇಟ್ ಏಜೆಂಟರು. ಇನ್ನು ಕೆಲಸ ಬಿಟ್ಟು ಸ್ವಂತ ಸಾಫ್ಟ್‌ವೇರ್ ಕನ್ಸಲ್ಟಿಂಗ್ ಶುರು ಮಾಡಿದವರಂತೂ ಪ್ರತಿ ಬೀದಿಗೊಬ್ಬರು. ಇವರಲ್ಲಿ ಬಹಳ ಜನ ಏನೂ ರಿಜಿಸ್ಟರ್ ಮಾಡಿಸಿರುವುದಿಲ್ಲ. ಕೌಂಟಿಯಲ್ಲಿ ಒಂದು ವ್ಯಾಪಾರದ ಹೆಸರು ದಾಖಲಿಸಿ, ಬ್ಯಾಂಕಿನಲ್ಲಿ ಆ ಹೆಸರಿನ ಅಕೌಂಟ್ ತೆರೆದು, ವರ್ಷದ ಕೊನೆಗೆ ಶೆಡ್ಯೂಲ್ ಸಿ ತುಂಬಿದರೆ ಮುಗಿಯಿತು. ಇದಕ್ಕೆ ಸೋಲ್ ಪ್ರೊಪ್ರೈಟರ್‌ಶಿಪ್ ಅನ್ನುತ್ತಾರೆ. ಕಾನೂನಿನ ಕಣ್ಣಿಗೆ ಇಲ್ಲಿ ಅಂಗಡಿ ಬೇರೆ, ನೀವು ಬೇರೆ ಅಲ್ಲ. ಬೋರ್ಡಿನ ಮೇಲೆ ಯಾವ ದೇವರ ಹೆಸರೇ ಇರಲಿ, ಅದರ ಹಿಂದೆ ಇರುವುದು ಒಬ್ಬ ಮನುಷ್ಯ. ಅವನು ಹೋದರೆ ಅಂಗಡಿಯೂ ಹೋದಂತೆ.

ನನಗೆ ಗೊತ್ತಿರುವ ಒಂದು ಮನೆಯ ಕಥೆ ಹೇಳುತ್ತೇನೆ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಗಂಡ-ಹೆಂಡತಿ ಸೇರಿ ಕೇಟರಿಂಗ್ ನಡೆಸುತ್ತಿದ್ದರು. ಅಡಿಗೆ ಪೂರ್ತಿ ಆ ಅಕ್ಕನದು. ಪುಳಿಯೋಗರೆ ಗೊಜ್ಜು ಅವರ ಕೈಯದ್ದೇ ಆಗಬೇಕು ಅಂತ ಜನ ತಿಂಗಳ ಮುಂಚೆ ಹೇಳಿಡುತ್ತಿದ್ದರು. ಆದರೆ ಕಾಗದದಲ್ಲಿ ಎಲ್ಲ ಗಂಡನ ಹೆಸರು: ಬ್ಯಾಂಕ್ ಅಕೌಂಟ್, ಬಾಡಿಗೆ ಅಡಿಗೆಮನೆಯ ಲೀಸ್, ವ್ಯಾನಿನ ಸಾಲ, ಕೌಂಟಿಯ ಹೆಲ್ತ್ ಪರ್ಮಿಟ್. ಅಕ್ಕನ ಹತ್ತಿರ ಅದೇ ಅಕೌಂಟಿನ ಒಂದು ಡೆಬಿಟ್ ಕಾರ್ಡ್ ಇತ್ತು, ಚೆಕ್ಕಿಗೆ ಸಹಿ ಹಾಕುವ ಅಧಿಕಾರವೂ ಇತ್ತು. "ನಂದೂ ಅಕೌಂಟ್ ಅದು" ಅಂತಲೇ ಅವರು ತಿಳಿದಿದ್ದರು.

ಗಂಡ ಹೃದಯಾಘಾತದಿಂದ ತೀರಿಕೊಂಡರು. ಅಕೌಂಟಿನಲ್ಲಿ ಮೂವತ್ತು ಸಾವಿರ ಡಾಲರಿನ ಹತ್ತಿರ ಇತ್ತು. ಬ್ಯಾಂಕಿಗೆ ವಿಷಯ ತಿಳಿದ ದಿನವೇ ಕಾರ್ಡು ನಿಂತಿತು.

ಇಲ್ಲೇ ನಮ್ಮವರೆಲ್ಲ ಎಡವುವುದು. ಸಹಿ ಹಾಕುವ ಅಧಿಕಾರ ಬೇರೆ, ದುಡ್ಡಿನ ಒಡೆತನ ಬೇರೆ. ಜಾಯಿಂಟ್ ಅಕೌಂಟ್ ಆಗಿದ್ದರೆ ಉಳಿದವರಿಗೆ ಅಕೌಂಟ್ ಉಳಿಯುತ್ತದೆ. ಬರೀ "ಆಥರೈಸ್ಡ್ ಸೈನರ್" ಆಗಿದ್ದರೆ ಯಜಮಾನನ ಪರವಾಗಿ ಸಹಿ ಹಾಕುತ್ತಿದ್ದೀರಿ ಅಂತ ಅರ್ಥ. ಯಜಮಾನನೇ ಇಲ್ಲದ ಮೇಲೆ ಯಾರ ಪರವಾಗಿ? ಪವರ್ ಆಫ್ ಅಟಾರ್ನಿಯ ಹಣೆಬರಹವೂ ಇದೇ. ಊರಿಗೆ ಹೋಗುವಾಗ "ಇದೊಂದು ಮಾಡಿಟ್ಟಿದ್ದೇನೆ, ಚಿಂತೆಯಿಲ್ಲ" ಅಂತ ಹಲವರು ಹೇಳುವುದನ್ನು ಕೇಳಿದ್ದೇನೆ. ಅದು ಬದುಕಿರುವಾಗಿನ ಕಾಗದ. ಆಸ್ಪತ್ರೆಯಲ್ಲಿ ಮಲಗಿದಾಗ ಉಪಯೋಗಕ್ಕೆ ಬರುತ್ತದೆ. ಉಸಿರು ನಿಂತ ಕ್ಷಣ ಅದೂ ರದ್ದಿ.

ಮುಂಚೆಯೇ ಬರೆದುಕೊಟ್ಟ ಚೆಕ್ಕುಗಳಿಗೆ ಮಾತ್ರ ಒಂದು ಸಣ್ಣ ಸಡಿಲಿಕೆ ಇದೆ. ಯಜಮಾನ ತೀರಿಕೊಂಡದ್ದು ಗೊತ್ತಿದ್ದರೂ, ಆ ದಿನದಿಂದ 10 ದಿನದವರೆಗೆ ಬ್ಯಾಂಕು ಅವನ್ನು ಪಾಸು ಮಾಡಬಹುದು. ಆ ಹಣದಲ್ಲಿ ಹಕ್ಕಿದೆ ಎನ್ನುವವರು ಯಾರಾದರೂ ಬೇಡ ಅಂದರೆ ಅದೂ ನಿಲ್ಲುತ್ತದೆ. ಗಮನಿಸಿ, ಮಾಡಬಹುದು ಅಂತ ಕಾನೂನು ಹೇಳುತ್ತದೆ, ಮಾಡಲೇಬೇಕು ಅಂತಲ್ಲ.

"ಕ್ಯಾಲಿಫೋರ್ನಿಯಾದಲ್ಲಿ ಗಂಡನ ಸಂಪಾದನೆಯಲ್ಲಿ ಹೆಂಡತಿಗೆ ಅರ್ಧ ಇದ್ದೇ ಇದೆಯಲ್ಲ?" ಅಂತ ನೀವು ಕೇಳಬಹುದು. ಇದೆ. ಮದುವೆಯಾದ ಮೇಲೆ ದುಡಿದದ್ದು ಇಬ್ಬರದೂ, ಕಮ್ಯುನಿಟಿ ಪ್ರಾಪರ್ಟಿ. ಆದರೆ ಕೌಂಟರಿನಲ್ಲಿ ಕೂತ ಹುಡುಗಿಗೆ ಅದನ್ನು ತೀರ್ಮಾನಿಸುವ ಅಧಿಕಾರವಿಲ್ಲ. ಅವಳಿಗೆ ಕೋರ್ಟಿನ ಕಾಗದ ಬೇಕು. ವಿಲ್ ಇದ್ದರೆ ಲೆಟರ್ಸ್ ಟೆಸ್ಟಮೆಂಟರಿ, ಇಲ್ಲದಿದ್ದರೆ ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್. ಹೆಂಡತಿ ಅಥವಾ ಗಂಡನಿಗೆ ಬರುವ ಆಸ್ತಿಗೆ ಸ್ಪೌಸಲ್ ಪ್ರಾಪರ್ಟಿ ಪಿಟಿಷನ್ ಅನ್ನುವ ಹತ್ತಿರದ ದಾರಿಯೂ ಇದೆ. ಅದಕ್ಕೂ ಕೋರ್ಟಿನ ತಾರೀಖು ಸಿಗುವತನಕ ಕಾಯಬೇಕು. ಅಷ್ಟರಲ್ಲಿ ಬಾಡಿಗೆಯ ತಾರೀಖು ಬಂದಿರುತ್ತದೆ.

ಸಣ್ಣ ಆಸ್ತಿಯಾದರೆ ಕೋರ್ಟೇ ಬೇಡ, ಒಂದು ಅಫಿಡವಿಟ್ ಸಾಕು ಅನ್ನುವ ನಿಯಮವೂ ಉಂಟು. 2025ರ ಏಪ್ರಿಲ್ 1ರಿಂದ ಈಚೆಗೆ ತೀರಿಕೊಂಡವರ ವಿಷಯದಲ್ಲಿ ಇದರ ಮಿತಿ 2,08,850 ಡಾಲರ್. ಆದರೆ ಸಾವಿನ ದಿನದಿಂದ 40 ದಿನ ಕಳೆದಿರಬೇಕು. ವೈಕುಂಠ ಸಮಾರಾಧನೆ ಮುಗಿದ ಮೇಲೂ ಇನ್ನು 27 ದಿನ! ಅದಾದ ಮೇಲೂ ಆ ಅಫಿಡವಿಟ್ಟು ದುಡ್ಡನ್ನು ಕೈಗೆ ಕೊಡಿಸುತ್ತದೆ, ವ್ಯಾಪಾರ ನಡೆಸುವ ಅಧಿಕಾರವನ್ನು ಕೊಡುವುದಿಲ್ಲ. ಇವೆರಡರ ವ್ಯತ್ಯಾಸ ಬಹಳ ಜನಕ್ಕೆ ಗೊತ್ತಿಲ್ಲ.

ಅಕ್ಕನ ಮುಂದೆ ಆಗ ಏನೇನಿತ್ತು ನೋಡಿ. ಲೀಸಿನಲ್ಲಿ ಇನ್ನೂ ಒಂದೂವರೆ ವರ್ಷ ಬಾಕಿ. ಸಹಾಯಕ್ಕೆ ಬರುತ್ತಿದ್ದ ಇಬ್ಬರಿಗೆ ಸಂಬಳ. ವ್ಯಾನಿನ ಕಂತು. ಮೂರು ಮದುವೆ, ಒಂದು ಗೃಹಪ್ರವೇಶಕ್ಕೆ ತೆಗೆದುಕೊಂಡ ಅಡ್ವಾನ್ಸು. ಇದೇ ನೋಡಿ ಈ ವ್ಯವಹಾರದ ವಿಚಿತ್ರ. ಯಜಮಾನನ ಜೊತೆ ಅವನ ಸಹಿ ಸಾಯುತ್ತದೆ, ಅವನ ಸಾಲ ಸಾಯುವುದಿಲ್ಲ. ಕೊಡುವ ಕೈ ಕಟ್ಟಿಹಾಕಿದ ಕಾನೂನು, ಕೇಳುವ ಕೈಗಳನ್ನು ಬಿಚ್ಚಿಯೇ ಇಡುತ್ತದೆ.

ಒಪ್ಪಂದಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಅನ್ನುವುದಕ್ಕೆ ಹಳೆಯ ಒಂದು ಸೂತ್ರವಿದೆ. 1863ರಲ್ಲಿ ಇಂಗ್ಲೆಂಡಿನ ಕೋರ್ಟಿನಲ್ಲಿ ಟೇಲರ್ ವರ್ಸಸ್ ಕಾಲ್ಡ್‌ವೆಲ್ ಅಂತ ಒಂದು ಕೇಸು ನಡೆಯಿತು. ಸಂಗೀತ ಕಚೇರಿಗಳಿಗೆಂದು ಬಾಡಿಗೆಗೆ ಒಪ್ಪಿದ್ದ ಹಾಲ್ ಕಚೇರಿಗೆ ಮುಂಚೆಯೇ ಸುಟ್ಟುಹೋಗಿತ್ತು. ಹಾಲೇ ಇಲ್ಲದ ಮೇಲೆ ಒಪ್ಪಂದ ಮುರಿದದ್ದಕ್ಕೆ ಪರಿಹಾರವೂ ಇಲ್ಲ ಅಂತ ಜಡ್ಜ್ ಬ್ಲ್ಯಾಕ್‌ಬರ್ನ್ ತೀರ್ಪು ಕೊಟ್ಟರು. ಹಾಗೆ ಕೊಡುವಾಗ, ಪುಸ್ತಕ ಬರೆದುಕೊಡುತ್ತೇನೆಂದ ಲೇಖಕ ಸತ್ತರೆ ಅವನ ವಾರಸುದಾರರು ಕೂತು ಆ ಪುಸ್ತಕ ಬರೆಯಬೇಕಿಲ್ಲ ಅನ್ನುವ ಉದಾಹರಣೆಯನ್ನೂ ಎತ್ತಿಕೊಂಡರು. ಅಮೆರಿಕದ ಕೋರ್ಟುಗಳಲ್ಲೂ ಇದೇ ತತ್ವ ನಡೆಯುತ್ತದೆ. ಆ ವ್ಯಕ್ತಿಯೇ ಮಾಡಬೇಕಾದ ಕೆಲಸವಾದರೆ ಒಪ್ಪಂದ ಅವನೊಂದಿಗೆ ಮುಗಿಯುತ್ತದೆ. ಯಾರು ಮಾಡಿದರೂ ಆಗುವ ಕೆಲಸವಾದರೆ, ಬರೀ ದುಡ್ಡು ಕಟ್ಟುವ ಮಾತಾದರೆ, ಅದು ಸತ್ತವನ ಆಸ್ತಿಯ ಮೇಲೆ ಉಳಿಯುತ್ತದೆ.

ಭರತನಾಟ್ಯದ ಟೀಚರ್ ತೀರಿಕೊಂಡರೆ ಪಾಠದ ಒಪ್ಪಂದ ಮುಗಿಯಿತು. ಅವರ ಮಗಳು ನಟುವಾಂಗ ಹಿಡಿಯಲೇಬೇಕು ಅಂತ ಯಾರೂ ದಾವೆ ಹೂಡುವಂತಿಲ್ಲ. ಆದರೆ ವರ್ಷದ ಫೀಸು ಮುಂಗಡ ಕಟ್ಟಿದವರು ಕಲಿಸದ ತಿಂಗಳುಗಳ ಹಣವನ್ನು ಆಸ್ತಿಯಿಂದ ಕೇಳಬಹುದು. ಸ್ಟುಡಿಯೋದ ಲೀಸು ಮಾತ್ರ ಜಪ್ಪಯ್ಯ ಅಂದರೂ ಬಿಡುವುದಿಲ್ಲ, ಅದು ದುಡ್ಡು ಕಟ್ಟುವ ಒಪ್ಪಂದ. ಕೇಟರಿಂಗ್ ಇವೆರಡರ ನಡುವೆ ಬರುತ್ತದೆ. ಇನ್ನೂರು ಎಲೆಗೆ ಇಂತಿಂಥ ಅಡಿಗೆ ಅಂತ ಬರೆದಿದ್ದರೆ ಬೇರೆಯವರಿಂದ ಮಾಡಿಸಿಯಾದರೂ ಒದಗಿಸಬೇಕಾಗಬಹುದು. ಇಂಥವರೇ ಬಂದು ಮಾಡುತ್ತಾರೆ ಅಂತ ಬರೆದಿದ್ದರೆ ಬೇಡ. ಬಾಯಿಮಾತಿನಲ್ಲೇ ಮುಗಿಸಿದ್ದರೆ, ಅಂದರೆ ನಮ್ಮವರು ಸಾಮಾನ್ಯವಾಗಿ ಮಾಡುವ ಹಾಗೆ, ಜಗಳಕ್ಕೆ ದಾರಿ. ಒಪ್ಪಂದದ ಕಾಗದದಲ್ಲಿ "ಯಜಮಾನರು ತೀರಿಕೊಂಡರೆ ಒಪ್ಪಂದ ಮುಗಿಯುತ್ತದೆ, ಆಗದ ಕೆಲಸದ ಮುಂಗಡ ಹಿಂತಿರುಗಿಸಲಾಗುವುದು" ಅಂತ ಒಂದೇ ಒಂದು ಸಾಲು ಸೇರಿಸಿದರೆ ಎಷ್ಟೋ ತಲೆನೋವು ತಪ್ಪುತ್ತದೆ.

ಇನ್ನು ನಮಗೆ ಬರಬೇಕಾದ ದುಡ್ಡು. ಸಾಫ್ಟ್‌ವೇರ್ ಕನ್ಸಲ್ಟೆಂಟ್ ಒಬ್ಬರು ಎರಡು ತಿಂಗಳ ಕೆಲಸದ ಇನ್ವಾಯ್ಸ್ ಕಳಿಸಿ ತೀರಿಕೊಂಡರೆ, ಮುಂದಿನ ಕೆಲಸದ ಒಪ್ಪಂದ ಮುಗಿದರೂ ಮಾಡಿದ ಕೆಲಸದ ಕಾಸು ಆಸ್ತಿಗೆ ಸೇರಬೇಕು. ಆದರೆ ಕ್ಲೈಂಟ್ ಕಂಪನಿ ಯಾರ ಹೆಸರಿಗೆ ಚೆಕ್ ಬರೆಯಬೇಕು? ಮೃತರ ಹೆಸರಿಗೆ ಬರೆದರೆ ಅದನ್ನು ಹಾಕಲು ಅಕೌಂಟ್ ಇಲ್ಲ. ಹೆಂಡತಿಯ ಹೆಸರಿಗೆ ಬರೆಯಲು ಅವರ ಲೆಕ್ಕದವರು ಒಪ್ಪುವುದಿಲ್ಲ. ಆ ಲೆಕ್ಕದವರ ಜಾಗದಲ್ಲಿ ನಾನಿದ್ದರೂ ಒಪ್ಪುತ್ತಿರಲಿಲ್ಲ. ಕೋರ್ಟಿನ ಲೆಟರ್ಸ್ ಬಂದ ಮೇಲೆ ಐಆರ್‌ಎಸ್‌ನಿಂದ ಮೃತರ ಎಸ್ಟೇಟಿಗೆ ಹೊಸ ಇಐಎನ್ ನಂಬರ್ ತೆಗೆದುಕೊಂಡು, ಎಸ್ಟೇಟಿನ ಹೆಸರಲ್ಲಿ ಅಕೌಂಟ್ ತೆರೆದು, ಆಮೇಲೆ ಆ ಚೆಕ್ಕು. ಹಳೆಯ ನಂಬರನ್ನೇ ಬಳಸುತ್ತಾ ಹೋಗುವಂತಿಲ್ಲ. ಸಾಯುವ ದಿನದವರೆಗಿನ ಆದಾಯ ಅವರ ಕೊನೆಯ ರಿಟರ್ನಿನಲ್ಲಿ, ಅನಂತರ ಎಸ್ಟೇಟಿಗೆ ಬಂದದ್ದು ಫಾರಂ 1041ರಲ್ಲಿ.

ಲೈಸೆನ್ಸುಗಳದು ಇನ್ನೊಂದು ಕಥೆ. ಆಹಾರದ ಪರ್ಮಿಟ್ಟು ಕ್ಯಾಲಿಫೋರ್ನಿಯಾದಲ್ಲಿ ಒಬ್ಬರಿಂದ ಒಬ್ಬರಿಗೆ ವರ್ಗವಾಗುವುದಿಲ್ಲ. ಹತ್ತು ವರ್ಷ ಒಲೆಯ ಮುಂದೆ ನಿಂತ ಅಕ್ಕ ಹೊಸದಾಗಿ ಅರ್ಜಿ ಹಾಕಬೇಕಾಯಿತು. ಮನೆ ಕಟ್ಟುವ-ರಿಪೇರಿ ಮಾಡುವ ಕಂಟ್ರಾಕ್ಟರನ ಲೈಸೆನ್ಸು ಒಬ್ಬನ ಹೆಸರಲ್ಲಿದ್ದರೆ ಅವನ ಸಾವಿನೊಂದಿಗೆ ರದ್ದಾಗುತ್ತದೆ. ಅರ್ಧಕ್ಕೆ ನಿಂತ ಕೆಲಸ ಮುಗಿಸಲು ಮನೆಯವರಿಗೆ ಅವಕಾಶ ಬೇಕಿದ್ದರೆ 90 ದಿನದೊಳಗೆ ಲಿಖಿತ ಅರ್ಜಿ ಬೋರ್ಡಿಗೆ ತಲುಪಬೇಕು. ಸಾವಿನ ಮನೆಯಲ್ಲಿ ಈ 90 ದಿನ ಯಾರಿಗೆ ನೆನಪಿರುತ್ತದೆ ಹೇಳಿ.

ಲೆಟರ್ಸ್ ಸಿಕ್ಕಿತು ಅನ್ನಿ. ಆಗ ಎಸ್ಟೇಟಿನ ಪ್ರತಿನಿಧಿ ಆಸ್ತಿಗೆ ಒಳ್ಳೆಯದಾಗುವಂತಿದ್ದರೆ ವ್ಯಾಪಾರ ಮುಂದುವರಿಸಬಹುದು, ಆದರೆ 6 ತಿಂಗಳು ಮಾತ್ರ. ಅದಕ್ಕಿಂತ ಹೆಚ್ಚಿಗೆ ಕೋರ್ಟಿನ ಅಪ್ಪಣೆ ಬೇಕು. ಬಹಳ ತುರ್ತಿದ್ದರೆ ಸ್ಪೆಷಲ್ ಅಡ್ಮಿನಿಸ್ಟ್ರೇಟರ್‌ನನ್ನು ಬೇಗ ನೇಮಿಸಿ ಅಂತ ಕೋರ್ಟನ್ನು ಕೇಳುವುದಕ್ಕೂ ದಾರಿಯಿದೆ. ಈ ವಿಷಯವನ್ನು ಮೊದಲ ವಾರದಲ್ಲೇ ವಕೀಲರ ಹತ್ತಿರ ಎತ್ತಬೇಕು, ಮೂರು ತಿಂಗಳು ಬಿಟ್ಟು ಹೋದರೆ ತುರ್ತು ಅನ್ನುವ ಪದಕ್ಕೇ ಅರ್ಥವಿರುವುದಿಲ್ಲ.

ಇಷ್ಟು ಹೇಳುವಾಗ ಕನ್ಸಲ್ಟಿಂಗ್ ಮಿತ್ರರು ಮೀಸೆಯಲ್ಲೇ ನಗುತ್ತಿರುತ್ತಾರೆ. "ನಮ್ಮದು ಎಲ್‌ಎಲ್‌ಸಿ ಕಣಮ್ಮ, ನಮ್ಮದು ಕಾರ್ಪೊರೇಷನ್, ಅದು ಸಾಯಲ್ಲ." ಸಾಯಲ್ಲ ನಿಜ. ಆದರೆ ಅದಕ್ಕೆ ಕೈಯಿಲ್ಲ, ಸಹಿ ಹಾಕಲು ಮನುಷ್ಯರೇ ಬೇಕು. ಒಬ್ಬನೇ ಸದಸ್ಯ, ಅವನೇ ಮ್ಯಾನೇಜರ್, ಅವನೇ ಸೆಕ್ರೆಟರಿ ಆಗಿದ್ದರೆ ಅವನ ಪಾಲು ವಿಲ್ ಪ್ರಕಾರವೋ ಕಾನೂನಿನ ಪ್ರಕಾರವೋ ವಾರಸುದಾರರಿಗೆ ಹೋಗುತ್ತದೆ, ಸರಿ. ಅವರು ತಾವೇ ವಾರಸುದಾರರು ಅಂತ ತೋರಿಸುವ ಕಾಗದ ತರುವವರೆಗೆ ಕಂಪನಿ ಕಣ್ಣು ಬಿಟ್ಟುಕೊಂಡು ಮಲಗಿರುತ್ತದೆ. ವರ್ಷಕ್ಕೆ 800 ಡಾಲರ್ ಫ್ರಾಂಚೈಸ್ ಟ್ಯಾಕ್ಸ್ ಮಾತ್ರ, ಕಂಪನಿಯನ್ನು ವಿಧಿಪೂರ್ವಕ ಮುಚ್ಚುವ ತನಕ ಬೆಳೆಯುತ್ತಿರುತ್ತದೆ.

ಎಸ್ ಕಾರ್ಪೊರೇಷನ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು, ಇದು ನಮ್ಮಂಥ ಹೊರಗಿನಿಂದ ಬಂದವರನ್ನೇ ಕಚ್ಚುವ ನಿಯಮ. ಎಸ್ ಕಾರ್ಪೊರೇಷನ್ನಿನ ಷೇರುದಾರ ತೆರಿಗೆ ಕಾನೂನಿನ ದೃಷ್ಟಿಯಲ್ಲಿ ನಾನ್-ರೆಸಿಡೆಂಟ್ ಏಲಿಯನ್ ಆಗಿರುವಂತಿಲ್ಲ. ಮದುವೆಯಾಗದ ಹುಡುಗನೊಬ್ಬ ವಿಲ್ ಬರೆಯದೆ ತೀರಿಕೊಂಡ ಅಂದುಕೊಳ್ಳಿ. ಮಕ್ಕಳಿಲ್ಲ, ಆದ್ದರಿಂದ ವಾರಸುದಾರರು ತಂದೆ-ತಾಯಿ. ಅವರಿರುವುದು ಶಿವಮೊಗ್ಗದಲ್ಲಿ. ಎಸ್ಟೇಟಿನ ಕೈಯಲ್ಲಿರುವಷ್ಟು ದಿನ ಷೇರಿಗೆ ತೊಂದರೆಯಿಲ್ಲ. ಅಪ್ಪ-ಅಮ್ಮನ ಹೆಸರಿಗೆ ಬಂದ ದಿನ ಎಸ್ ಪದವಿ ಹೋಯಿತು, ಕಂಪನಿಯ ಲಾಭಕ್ಕೆ ಕಂಪನಿಯ ಮಟ್ಟದಲ್ಲೇ 21% ಫೆಡರಲ್ ತೆರಿಗೆ ಶುರು. ಗಂಡ ಹೋದ ಮೇಲೆ ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೆ ಮರಳಿ ಅಲ್ಲೇ ನೆಲೆಸಿ, ಇಲ್ಲಿನ ತೆರಿಗೆಗೆ ನಾನ್-ರೆಸಿಡೆಂಟ್ ಆಗುವ ಹೆಂಡತಿಗೂ, ಆಕೆ ಅಮೆರಿಕದ ಪ್ರಜೆಯೋ ಗ್ರೀನ್ ಕಾರ್ಡ್ ಇರುವವಳೋ ಆಗಿರದಿದ್ದರೆ, ಇದೇ ಗತಿ. ಕಂಪನಿಯನ್ನು ಮಾರುವುದೋ ಮುಚ್ಚುವುದೋ ಇದ್ದರೆ ಅದಕ್ಕೂ ಮುಂಚೆ ಮಾಡಬೇಕು.

ಇಂಥ ಕಂಪನಿಗಳಲ್ಲಿ ಎಚ್-1ಬಿ ವೀಸಾದ ಮೇಲೆ ಎರಡು ಮೂರು ಹುಡುಗರಿರುವುದೂ ಉಂಟು. ಯಜಮಾನ ಹೋಗಿ, ಪೇರೋಲ್ ನಿಂತು, ಕೆಲಸ ಮುಗಿಯಿತು ಅಂದರೆ ಅವರಿಗೆ ಹೆಚ್ಚೆಂದರೆ 60 ದಿನ. ಐ-94 ಅದಕ್ಕಿಂತ ಮುಂಚೆ ಮುಗಿಯುವುದಿದ್ದರೆ ಅಷ್ಟೂ ಇಲ್ಲ. ಒಬ್ಬರ ಸಾವು ಇನ್ನೊಂದು ಮೂರು ಮನೆಯ ಸಾಮಾನು ಕಟ್ಟಿಸಬಹುದು. ಅವರ ಸಂಬಳ ಹೇಗಾದರೂ ಕೊಟ್ಟುಬಿಡೋಣ ಅಂತ ಒಳ್ಳೆಯ ಮನಸ್ಸಿನಿಂದ ಚೆಕ್ ಬರೆಯಲು ಕೂರುವ ಹೆಂಡತಿಗೆ ಒಂದು ಎಚ್ಚರಿಕೆ: ಸಂಬಳದಿಂದ ಹಿಡಿದ ತೆರಿಗೆಯನ್ನು ಐಆರ್‌ಎಸ್‌ಗೆ ಕಟ್ಟದೆ ಬೇರೆ ಬಿಲ್ಲುಗಳನ್ನು ತೀರಿಸಿದರೆ, ಹಾಗೆ ಯಾವುದನ್ನು ಕಟ್ಟಬೇಕು ಅಂತ ತೀರ್ಮಾನಿಸಿದವರ ಸ್ವಂತ ತಲೆಗೇ ಆ ಪೂರ್ತಿ ಮೊತ್ತ ದಂಡವಾಗಿ ಬರಬಹುದು. ಕಂಪನಿ ಬೇರೆ ನಾನು ಬೇರೆ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ನಮ್ಮೂರಿನ ಪೇಟೆ ಬೀದಿಯಲ್ಲಿ ಇಷ್ಟೆಲ್ಲ ಇರಲಿಲ್ಲ. ಅಪ್ಪ ಹೋದ ಹದಿನಾಲ್ಕನೆಯ ದಿನ ಮಗ ಗಲ್ಲಾದ ಮುಂದೆ ಕೂರುತ್ತಿದ್ದ. ಯಾರ ಬಾಕಿ ಎಷ್ಟು ಅನ್ನುವುದು ಖಾತೆ ಪುಸ್ತಕದಲ್ಲಿತ್ತು, ಅದಕ್ಕಿಂತ ಹೆಚ್ಚಾಗಿ ಅಕ್ಕಪಕ್ಕದ ಅಂಗಡಿಯವರ ತಲೆಯಲ್ಲಿತ್ತು. ಮುಖ ನೋಡಿ ಸಾಲ ಕೊಡುವ ಜಾಗ ಅದು. ಇಲ್ಲಿ ಕಾಗದ ನೋಡಿ ಕೊಡುತ್ತಾರೆ. ನಾವು ಅಮೆರಿಕಕ್ಕೆ ಬಂದು ವ್ಯಾಪಾರ ಮಾಡುತ್ತಿದ್ದರೂ ಮನಸ್ಸಿನಲ್ಲಿ ಇನ್ನೂ ಆ ಗಲ್ಲಾಪೆಟ್ಟಿಗೆಯೇ ಕೂತಿದೆ.

ತಮಾಷೆಯೆಂದರೆ ಭಾರತವೇ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. ಅಲ್ಲಿನ 2013ರ ಕಂಪನಿ ಕಾಯ್ದೆ ಒನ್ ಪರ್ಸನ್ ಕಂಪನಿ ಅಂತ ಒಂದನ್ನು ತಂದಿತು. ಒಬ್ಬರೇ ಕಂಪನಿ ಮಾಡಬಹುದು, ಆದರೆ ಶುರುವಿನಲ್ಲೇ "ನಿಮ್ಮ ನಂತರ ಯಾರು?" ಅಂತ ಹೆಸರು ಬರೆಯಬೇಕು, ಆ ವ್ಯಕ್ತಿಯ ಲಿಖಿತ ಒಪ್ಪಿಗೆಯೂ ಬೇಕು. 2021ರ ಏಪ್ರಿಲ್‌ನಿಂದ ನಮ್ಮಂಥ ಅನಿವಾಸಿ ಭಾರತೀಯ ಪ್ರಜೆಗಳೂ ಇಂಥ ಕಂಪನಿ ಮಾಡಬಹುದು. ಕ್ಯಾಲಿಫೋರ್ನಿಯಾದಲ್ಲಿ ಎಲ್‌ಎಲ್‌ಸಿ ಶುರು ಮಾಡುವ ಫಾರಂ ತೆಗೆದು ನೋಡಿ. ಹೆಸರು, ವಿಳಾಸ, ನೋಟಿಸ್ ತೆಗೆದುಕೊಳ್ಳುವ ಏಜೆಂಟ್ ಯಾರು, 70 ಡಾಲರ್ ಫೀಸು. ನಿಮ್ಮ ನಂತರ ಯಾರು ಅಂತ ಒಂದು ಖಾನೆಯೂ ಇಲ್ಲ. ಸರ್ಕಾರ ಕೇಳದಿದ್ದರೆ ಮನೆಯವರಾದರೂ ಕೇಳಬೇಕು. ನಮ್ಮ ಮನೆಗಳಲ್ಲಿ ಕೇಳಿದರೆ "ಬಿಡ್ತು ಅನ್ನು" ಅಂತ ಉತ್ತರ ಬರುತ್ತದೆ.

ನನ್ನ ಅನುಭವದಲ್ಲಿ ಅಪಶಕುನದ ಹೆದರಿಕೆ ಅರ್ಧ ನೆಪ ಅಷ್ಟೆ. ಇನ್ನರ್ಧ ಏನೆಂದರೆ ವ್ಯಾಪಾರದ ಒಳಗುಟ್ಟು ಹೆಂಡತಿಗೆ ತಿಳಿಯುವುದು ನಮ್ಮ ಗಂಡಸರಿಗೆ ಇಷ್ಟವಿಲ್ಲ. ಎಷ್ಟು ಸಾಲ ಇದೆ, ಊರಿನ ತಮ್ಮನಿಗೆ ಎಷ್ಟು ಕಳಿಸಿದೆ, ಹೋದ ವರ್ಷ ಎಷ್ಟು ನಷ್ಟವಾಯಿತು. ಮುನಿಸಿಕೊಳ್ಳಬೇಡಿ, ನಿಮ್ಮ ರಿಟರ್ನುಗಳನ್ನು ತುಂಬುವವಳು ನಾನು. ಜಾಯಿಂಟ್ ರಿಟರ್ನಿಗೆ ಹೆಂಡತಿ ಸಹಿ ಹಾಕಬೇಕಾದ ಜಾಗಕ್ಕೆ ಬೆರಳಿಟ್ಟು ತೋರಿಸಿ, ಉಳಿದ ಹಾಳೆಗಳನ್ನು ಅಂಗೈಯಿಂದ ಮುಚ್ಚಿಕೊಂಡ ಗಂಡಂದಿರನ್ನು ನೋಡಿದ್ದೇನೆ. ಹೆಂಗಸರ ವ್ಯಾಪಾರದಲ್ಲಿ ಇದು ತಿರುಗುಮುರುಗು. ಡೇ ಕೇರ್ ನಡೆಸುವ ಹೆಂಡತಿಯ ಬ್ಯಾಂಕು ಯಾವುದು ಅಂತಲೂ ಕೆಲವು ಗಂಡಂದಿರಿಗೆ ಗೊತ್ತಿಲ್ಲ, "ಅದು ಅವಳ ಕೈಖರ್ಚಿನದು" ಅನ್ನುತ್ತಾರೆ. ಆ ಕೈಖರ್ಚಿನಲ್ಲೇ ಮನೆಯ ಮಾರ್ಟ್‌ಗೇಜು ಹೋಗುತ್ತಿರುತ್ತದೆ.

"ಇಬ್ಬರ ಹೆಸರಲ್ಲಿ ಮಾಡಿದರೆ ಪಾರ್ಟ್‌ನರ್‌ಶಿಪ್ ರಿಟರ್ನ್ ಬೇರೆ ಹಾಕಬೇಕು, ಖರ್ಚು" ಅನ್ನುವುದು ನಾನು ಹೆಚ್ಚು ಕೇಳುವ ಆಕ್ಷೇಪಣೆ. ಕ್ಯಾಲಿಫೋರ್ನಿಯಾದಲ್ಲಿ ಈ ಮಾತು ನಿಲ್ಲುವುದಿಲ್ಲ. ಗಂಡ-ಹೆಂಡತಿ ಇಬ್ಬರೇ ಕಮ್ಯುನಿಟಿ ಪ್ರಾಪರ್ಟಿಯಾಗಿ ಒಡೆಯರಾಗಿರುವ ಎಲ್‌ಎಲ್‌ಸಿಯನ್ನು ಒಬ್ಬನ ವ್ಯಾಪಾರದ ಹಾಗೆಯೇ ತೋರಿಸಲು ಐಆರ್‌ಎಸ್ 2002ರಿಂದಲೇ ಒಪ್ಪಿದೆ. ಬೇರೆ ರಿಟರ್ನ್ ಬೇಕಿಲ್ಲ.

ಲಿವಿಂಗ್ ಟ್ರಸ್ಟ್ ಮಾಡಿಸಿ ಕಂಪನಿಯ ಪಾಲನ್ನು ಅದಕ್ಕೆ ವರ್ಗಾಯಿಸಿದರೆ ಕೋರ್ಟಿನ ಮೆಟ್ಟಿಲೇ ಬೇಡ, ನೀವು ಹೆಸರಿಸಿದ ಮುಂದಿನ ಟ್ರಸ್ಟಿ ಅಧಿಕಾರ ವಹಿಸಿಕೊಳ್ಳುತ್ತಾರೆ. ವಕೀಲರ ಫೀಸು ಜಾಸ್ತಿ ಅನ್ನುವವರು ಇದನ್ನು ಲೆಕ್ಕ ಹಾಕಿ. ಪ್ರೊಬೇಟಿಗೆ ಹೋದರೆ ವಕೀಲರ ಫೀಸನ್ನು ಕಾನೂನೇ ಗೊತ್ತು ಮಾಡಿದೆ: ಮೊದಲ ಒಂದು ಲಕ್ಷ ಡಾಲರಿಗೆ 4%, ಮುಂದಿನ ಒಂದು ಲಕ್ಷಕ್ಕೆ 3%, ಮುಂದಿನ ಎಂಟು ಲಕ್ಷಕ್ಕೆ 2%, ಅದರ ಮೇಲೆ 1%. ನಮ್ಮ ಕಡೆ ಸಾಧಾರಣ ಮನೆಯೊಂದರ ಬೆಲೆ 15 ಲಕ್ಷ ಡಾಲರ್ ಅಂತಿಟ್ಟುಕೊಂಡರೂ 28,000 ಡಾಲರ್ ಆಯಿತು. ಎಸ್ಟೇಟಿನ ಪ್ರತಿನಿಧಿಯೂ ಅಷ್ಟನ್ನೇ ಪಡೆಯಬಹುದು. ಮನೆಯ ಮೇಲೆ 12 ಲಕ್ಷ ಸಾಲವಿದ್ದರೂ ಲೆಕ್ಕ ಪೂರ್ತಿ ಬೆಲೆಯ ಮೇಲೆಯೇ. ಮಗಳ ಅರಂಗೇಟ್ರಕ್ಕೆ ಖರ್ಚು ಮಾಡುವುದರಲ್ಲಿ ಸ್ವಲ್ಪ ಭಾಗ ಸಾಕು ಟ್ರಸ್ಟ್ ಮಾಡಿಸಲು. ಇದು ನನ್ನ ಅಂದಾಜು, ಆದರೆ ಅರಂಗೇಟ್ರಗಳ ಲೆಕ್ಕವನ್ನೂ ನಾನು ನೋಡಿದ್ದೇನೆ!

ಫೋನಿನ ವಿಷಯ ಒಂದನ್ನು ಹೇಳದೆ ಬಿಡಲಾರೆ. ಈಗ ಬ್ಯಾಂಕು, ಪೇರೋಲ್, ಲೆಕ್ಕದ ಸಾಫ್ಟ್‌ವೇರ್, ವೆಬ್‌ಸೈಟಿನ ಡೊಮೇನ್ ಎಲ್ಲದಕ್ಕೂ ಕೋಡ್ ಬರುವುದು ಯಜಮಾನನ ಮೊಬೈಲಿಗೆ. ದುಃಖದಲ್ಲಿ ಮನೆಯವರು ಮೊದಲು ಮಾಡುವ ಕೆಲಸ ಆ ನಂಬರ್ ರದ್ದು ಮಾಡುವುದು. ದಯವಿಟ್ಟು ಮಾಡಬೇಡಿ, ಕೆಲವು ತಿಂಗಳು ಬಿಲ್ ಕಟ್ಟಿ ಇಟ್ಟುಕೊಳ್ಳಿ. ಕೋಡ್ ಬಂತು ಅಂತ ಅವರ ಹೆಸರಲ್ಲಿ ದುಡ್ಡು ತೆಗೆಯಲು ಹೋಗಬೇಡಿ, ಅದು ಬೇರೆಯೇ ಆಪತ್ತು. ಯಾರಿಗೆ ಏನು ಕೊಡಬೇಕು, ಯಾರಿಂದ ಏನು ಬರಬೇಕು ಅಂತ ಎಸ್ಟೇಟಿನ ಪ್ರತಿನಿಧಿಗೂ ವಕೀಲರಿಗೂ ತಿಳಿಯಲು ಆ ನಂಬರ್ ಬೇಕಾಗುತ್ತದೆ. 2017ರಿಂದ ಕ್ಯಾಲಿಫೋರ್ನಿಯಾದಲ್ಲಿ ಸತ್ತವರ ಡಿಜಿಟಲ್ ಖಾತೆಗಳ ಬಗ್ಗೆ ಕಾನೂನಿದೆ, ಆದರೆ ಇಮೇಲಿನ ಒಳಗಿನ ವಿಷಯ ಓದಲು ಅವರು ಬದುಕಿದ್ದಾಗ ಒಪ್ಪಿಗೆ ಕೊಟ್ಟಿರಬೇಕು. ಗೂಗಲ್‌ನಲ್ಲಿ ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್, ಐಫೋನ್‌ನಲ್ಲಿ ಲೆಗಸಿ ಕಾಂಟ್ಯಾಕ್ಟ್ ಅಂತ ಇದೆ. ಇವತ್ತು ಸಂಜೆ ಹತ್ತು ನಿಮಿಷದ ಕೆಲಸ.

ಆ ಅಕ್ಕ ಏನಾದರು ಅಂತ ಕೇಳುತ್ತೀರೇನೋ. ಮೂರು ಮದುವೆಯಲ್ಲಿ ಎರಡು ಮನೆಯವರು ಅಡ್ವಾನ್ಸು ಕೇಳಲಿಲ್ಲ. ಮೂರನೆಯವರು ಕೇಳಿದರು, ಅದು ಅವರ ಹಕ್ಕು. ನಾವು ಎತ್ತಿದ ಚಂದಾದಲ್ಲಿ ಮೊದಲು ಹೋದದ್ದು ಅದಕ್ಕೆ, ಆಮೇಲೆ ಅಡಿಗೆಮನೆಯ ಬಾಡಿಗೆಗೆ. ಮಕ್ಕಳ ಓದಿಗೆ ಅಂತ ಕೊಟ್ಟ ಕಾಸು ಮಾಲೀಕನ ಕೈ ಸೇರಿತು. ಅಕೌಂಟು ಬಿಡುಗಡೆಯಾಗುವ ಹೊತ್ತಿಗೆ ಸಹಾಯದ ಹುಡುಗರು ಬೇರೆ ಕೆಲಸ ಹಿಡಿದಿದ್ದರು. ಅಕ್ಕ ಈಗ ಇನ್ನೊಬ್ಬರ ಹತ್ತಿರ ಸಂಬಳಕ್ಕೆ ಅಡಿಗೆ ಮಾಡುತ್ತಾರೆ. ಗೊಜ್ಜು ಅದೇ, ಡಬ್ಬಿಯ ಮೇಲಿನ ಹೆಸರು ಬೇರೆ.

ಆದ್ದರಿಂದ ನಮ್ಮ ಸಮಿತಿಯವರಲ್ಲಿ ಒಂದು ವಿನಂತಿ. ರಾಜ್ಯೋತ್ಸವದ ದಿನ ಹಾಲಿನ ಹೊರಗೆ ಪ್ರಾಯೋಜಕರ ಮೇಜುಗಳು ಸಾಲಾಗಿ ಇರುತ್ತವೆ: ಇನ್ಶೂರೆನ್ಸು, ಬಂಗಾರ, ಬೆಂಗಳೂರಿನ ಅಪಾರ್ಟ್‌ಮೆಂಟು. ಅದರಲ್ಲಿ ಒಂದು ಮೇಜನ್ನು ಇದಕ್ಕೆ ಬಿಟ್ಟುಕೊಡಿ. ಒಬ್ಬ ಎಸ್ಟೇಟ್ ವಕೀಲರನ್ನು ಕರೆಸಿ. ಅವರು ಏನನ್ನೂ ಮಾರಬಾರದು, ಪ್ರಶ್ನೆಗೆ ಉತ್ತರ ಕೊಡಬೇಕು, ಅಷ್ಟೆ. ವಿಲ್‌ಗೆ ಇಲ್ಲಿ ನೋಟರಿ ಬೇಕಿಲ್ಲ, ಇಬ್ಬರು ಸಾಕ್ಷಿ ಸಾಕು, ಆ ವಿಲ್‌ನಿಂದ ಏನೂ ಸಿಗದವರಾದರೆ ಒಳ್ಳೆಯದು. ನಮ್ಮ ಊಟದ ಸಾಲಿನಲ್ಲಿ ಅಂಥವರು ಬೇಕಾದಷ್ಟು ಜನ ಸಿಗುತ್ತಾರೆ. ಮುಖ್ಯ ವಿಷಯಗಳೂ ಸಹಿಯೂ ಪೂರ್ತಿ ನಿಮ್ಮ ಕೈಬರಹದಲ್ಲೇ ಇದ್ದರೆ ಸಾಕ್ಷಿಯೂ ಬೇಡ. ಕನ್ನಡದಲ್ಲೇ ಬರೆಯಬಹುದು. ಕೋರ್ಟಿಗೆ ಹಾಕುವಾಗ ಇಂಗ್ಲಿಷ್ ಅನುವಾದ ಲಗತ್ತಿಸಿದರಾಯಿತು. ಆದರೆ ವಿಲ್ ಒಂದೇ ಇದ್ದರೆ ಪ್ರೊಬೇಟ್ ತಪ್ಪುವುದಿಲ್ಲ, ಅದು ನೆನಪಿರಲಿ.

ಮೇಜಿನ ಮೇಲೆ ಇಡಲು ಒಂದು ಪುಟದ ನಮೂನೆಯನ್ನು ನಾನು ಕನ್ನಡದಲ್ಲಿ ಟೈಪ್ ಮಾಡಿದ್ದೇನೆ. ಯಾವ ಬ್ಯಾಂಕು, ಅಕೌಂಟಿನ ಒಡೆಯರು ಯಾರು, ಸಹಿಯ ಅಧಿಕಾರ ಯಾರಿಗೆ, ಲೀಸು ಮುಗಿಯುವುದು ಯಾವಾಗ, ಯಾರ ಅಡ್ವಾನ್ಸು ಎಷ್ಟು, ಲೆಕ್ಕ ಬರೆಯುವವರು ಯಾರು ಅನ್ನುವ ಖಾನೆಗಳಿವೆ. ಸಮಿತಿಯವರು ಒಪ್ಪಿದರೆ ಇನ್ನೂರು ಪ್ರತಿ ತೆಗೆಸುವ ಖರ್ಚು ನನ್ನದು. ತುಂಬಿದ ಹಾಳೆಯನ್ನು ನನಗಾಗಲಿ ಸಮಿತಿಗಾಗಲಿ ಕೊಡಬೇಕಾಗಿಲ್ಲ, ಮನೆಗೆ ಒಯ್ದು ನಿಮ್ಮವರ ಕೈಗೇ ಕೊಡಿ.